ಎರಡು ನಾಡುಗಳ ಮಗಳು

ಪುಟಾಣಿಗಳೇ, ಮನೆಯಲ್ಲೊಂದು ಭಾಷೆ, ಹೊರಗೊಂದು ಭಾಷೆ ಎಂಬ ಅನುಭವ ರೆಡ್‌ವುಡ್ ಸಿಟಿಯ ನಿಮಗಷ್ಟೇ ಅಲ್ಲ. ಖ್ಯಾತ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಹುಟ್ಟಿದ್ದು 1913ರ ಜನವರಿ 30ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ತಂದೆ ಉಮ್ರಾವ್ ಸಿಂಗ್ ಪಂಜಾಬಿನವರು, ಸಂಸ್ಕೃತ ಮತ್ತು ಪರ್ಷಿಯನ್ ವಿದ್ವಾಂಸರು. ತಾಯಿ ಮೇರಿ ಆಂಟೊನೆಟ್ ಹಂಗೇರಿಯ ಗಾಯಕಿ. 1921ರಲ್ಲಿ ಕುಟುಂಬ ಭಾರತಕ್ಕೆ ಬಂದು ಶಿಮ್ಲಾದಲ್ಲಿ ನೆಲೆಸಿತು. ಊರು ಬದಲಾದರೂ ತಾಯಿನುಡಿ ಬಿಡಲಿಲ್ಲ. ದೊಡ್ಡವರಾದ ಮೇಲೂ ಅಮೃತಾ ತಾಯಿಗೆ ಹಂಗೇರಿಯನ್ ಭಾಷೆಯಲ್ಲಿ ಪತ್ರ ಬರೆಯುತ್ತಿದ್ದರು.

ಪ್ಯಾರಿಸ್‌ನಲ್ಲಿ ಚಿತ್ರಕಲೆ ಕಲಿತು 1934ರಲ್ಲಿ ಭಾರತಕ್ಕೆ ಮರಳಿದರು. 1937ರಲ್ಲಿ ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರನ್ನು ಚಿತ್ರಿಸಿದರು. ಮರುವರ್ಷವೇ ಹಂಗೇರಿಯ ಸಂತೆಯನ್ನು! 1941ರಲ್ಲಿ, ಕೇವಲ 28ನೇ ವಯಸ್ಸಿನಲ್ಲಿ, ಲಾಹೋರ್‌ನಲ್ಲಿ ತೀರಿಕೊಂಡರು. ಭಾರತ ಅವರನ್ನು ತನ್ನ ಹೆಮ್ಮೆಯ ಕಲಾವಿದೆ ಎಂದೇ ನೆನೆಯುತ್ತದೆ. ತಾಯಿ ಮನೆಯಲ್ಲಿ ಕಲಿಸಿದ ಹಂಗೇರಿಯನ್ ಅದಕ್ಕೆ ಅಡ್ಡಿಯಾಗಲಿಲ್ಲ. ನಮ್ಮ ಮನೆಯ ಕನ್ನಡವೂ ಹಾಗೆಯೇ ಅಲ್ಲವೇ?