ಬೇಟೆಗಾಗಿ ಕಾಡಂಚಿನ ಜಮೀನು ಕೊಂಡಿದ್ದ ಕೆನೆತ್ ಆಂಡರ್ಸನ್

ಉಚ್ಚಂಗಿದುರ್ಗ: ಗುಡ್ಡದ ಬುಡಕ್ಕೆ ಹೊಲ ಇದೆ ಅಂದ್ರೆ ನಮ್ಮ ಕಡೆ ರೈತನಿಗೆ ಮೊದಲು ನೆನಪಾಗೋದು ಹಂದಿ ಕಾಟ. ಮೆಕ್ಕೆಜೋಳ ತೆನೆ ಕಟ್ಟಿದ ಮೇಲೆ ರಾತ್ರಿ ನಿದ್ದೆ ಇಲ್ಲ. ಅಂಥ ಜಮೀನು ಯಾರಾದ್ರೂ ಹುಡುಕಿಕೊಂಡು ಹೋಗಿ ಕೊಳ್ತಾರಾ? ಒಬ್ಬ ಕೊಂಡಿದ್ದ. ಅದೂ ಬೆಳೆ ಬೆಳೆಯೋಕಲ್ಲ, ಕಾಡಿನ ಪಕ್ಕ ಇರೋಕೆ, ಬೇಟೆಗೆ. ಅವನೇ ಕೆನೆತ್ ಆಂಡರ್ಸನ್. ಪೂರ್ಣಚಂದ್ರ ತೇಜಸ್ವಿ ಅವರ ಕಾಡಿನ ಕತೆಗಳು ಓದಿದವರಿಗೆ ಈ ಹೆಸರು ಹೊಸದಲ್ಲ.

ಆಂಡರ್ಸನ್ ಹುಟ್ಟಿದ್ದು 1910ರಲ್ಲಿ, ಸಿಕಂದರಾಬಾದ್ ಹತ್ತಿರದ ಬೊಲಾರಂನಲ್ಲಿ. ಮೂಲ ಸ್ಕಾಟ್ಲೆಂಡ್ ಆದ್ರೂ ಕುಟುಂಬ ತಲೆಮಾರುಗಳಿಂದ ಇಲ್ಲೇ ಬೇರೂರಿತ್ತು. ಅಪ್ಪ ಸೈನ್ಯದವರ ಸಂಬಳದ ಲೆಕ್ಕ ನೋಡೋ ಇಲಾಖೆಯಲ್ಲಿದ್ದವರು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಸೇಂಟ್ ಜೋಸೆಫ್ ಕಾಲೇಜು. ಆಮೇಲೆ ಅಂಚೆ ಮತ್ತು ತಂತಿ ಇಲಾಖೆಯಲ್ಲಿ 15 ವರ್ಷ, ನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಅಂದ್ರೆ ರಾಜನಲ್ಲ, ಜಮೀನ್ದಾರನಲ್ಲ, ರಜೆ ಸಿಕ್ಕಾಗ ಕಾಡಿಗೆ ಓಡೋ ಸಂಬಳಗಾರ. ಕನ್ನಡ, ತಮಿಳು ಮಾತಾಡುತ್ತಿದ್ದ.

ಇಂಥವನು ಈಗಿನ ಕರ್ನಾಟಕ, ತಮಿಳುನಾಡು, ಹೈದರಾಬಾದ್ ಕಡೆ ಅಲ್ಲಲ್ಲಿ ತುಂಡು ತುಂಡಾಗಿ ಕೊಂಡ ಜಮೀನು ಒಟ್ಟು 200 ಎಕರೆ ಹತ್ತಿರ ಆಗುತ್ತೆ. ಕಾರಣ ಸರಳ. ಆಗ ಕಾಡಂಚಿನಲ್ಲಿ ಲಾಡ್ಜ್ ಇರಲಿಲ್ಲ. ಅರಣ್ಯ ಇಲಾಖೆ ಬಂಗಲೆಗೆ ಅನುಮತಿ ಬೇಕು. ಮೀಸಲು ಅರಣ್ಯದಲ್ಲಿ ಗುಂಡು ಹಾರಿಸೋಕೂ ಲೈಸೆನ್ಸ್ ಬೇಕು. ಸ್ವಂತ ನೆಲ ಇದ್ದರೆ ಟೆಂಟ್ ಹಾಕಬಹುದು, ಕಾರು ನಿಲ್ಲಿಸಬಹುದು, ಯಾರೂ ಏಳು ಅನ್ನಂಗಿಲ್ಲ. ಅಮೆರಿಕಾದಲ್ಲಿ ಈಗಲೂ ಜಿಂಕೆ, ಎಲ್ಕ್ ಬೇಟೆಗಂತಲೇ ಹಳ್ಳಿ ಕಡೆ ಜಮೀನು ಕೊಳ್ಳೋರಿದ್ದಾರೆ. (ಎಲ್ಕ್ ಅಂದ್ರೆ ಅಲ್ಲಿನ ದೊಡ್ಡ ಜಾತಿ ಜಿಂಕೆ. ಸಿಲೋನಿನಲ್ಲಿದ್ದ ಇಂಗ್ಲಿಷ್ ಬೇಟೆಗಾರರು ನಮ್ಮ ಕಡವೆಯನ್ನೇ ಎಲ್ಕ್ ಅಂತಿದ್ರು.) ಅಲ್ಲಿ ಕೂಡ ಬೇಟೆಗೆ ಸಾಮಾನ್ಯವಾಗಿ ಲೈಸೆನ್ಸ್ ಬೇಕು, ಸ್ವಂತ ಜಮೀನಿನಲ್ಲಿ ಬೇಟೆಯಾಡೋರಿಗೆ ಕೆಲವು ರಾಜ್ಯಗಳಲ್ಲಿ ಮಾತ್ರ ವಿನಾಯಿತಿ ಇದೆ. ಜಮೀನು ಕೊಂಡರೆ ಸಿಗೋದು ಒಳಗೆ ಹೋಗೋ ದಾರಿ, ಪ್ರಾಣಿಯ ಪಹಣಿ ಅಲ್ಲ.

ಆದ್ರೆ ಆಂಡರ್ಸನ್‌ನನ್ನು ಕಾಡಿನೊಳಗೆ ಕರೆದುಕೊಂಡು ಹೋಗಿದ್ದು ಆ ಎಕರೆಗಳಲ್ಲ, ಅಕ್ಕಪಕ್ಕದ ಜನ ಅನ್ನೋದು ನನ್ನ ಲೆಕ್ಕ. ಚಿನ್ನಾರ್ ಹಳ್ಳದ ದಂಡೆಯ ಮುತ್ತೂರು ಕಡೆಯ ಬೈರನನ್ನೇ ನೋಡಿ. ಪೂಜಾರಿ ಬುಡಕಟ್ಟಿನವನು, ಕದ್ದು ಬೇಟೆ ಆಡಿ ಹೊಟ್ಟೆ ಹೊರೆಯುತ್ತಿದ್ದವನು. ಜಿಂಕೆ ಎಲ್ಲಿ ನೀರಿಗೆ ಬರುತ್ತೆ, ಹುಲಿ ಯಾವ ಹಳ್ಳ ದಾಟಿತು ಅನ್ನೋದು ಅವನಿಗೆ ಕಾಲ್ಬೆರಳಲ್ಲೇ ಗೊತ್ತು. ಕಾನೂನಿನ ಕಣ್ಣಲ್ಲಿ ಕಳ್ಳನಾದ ಅವನು ಆಂಡರ್ಸನ್‌ಗೆ ಗುರು, ಜೀವದ ಗೆಳೆಯ. ಲೈಸೆನ್ಸ್ ಇದ್ದ ದೊರೆಗೆ ಶಿಕಾರಿ, ಲೈಸೆನ್ಸ್ ಇಲ್ಲದ ಬಡವನಿಗೆ ಅಪರಾಧ. ಈ ವ್ಯತ್ಯಾಸ ಆಂಡರ್ಸನ್‌ಗೆ ಗೊತ್ತಿತ್ತು ಅನ್ಸುತ್ತೆ, ಬೈರನ ಬಗ್ಗೆ ಬರೆದಷ್ಟು ಪ್ರೀತಿಯಿಂದ ಅವನು ದೊಡ್ಡ ಅಧಿಕಾರಿಗಳ ಬಗ್ಗೆ ಬರೆದಿಲ್ಲ.

ಅರಸೀಕೆರೆ ಕಡೆಯ ಕರಡಿ ಕತೆಯೂ ಹಾಗೇ. ಅಲ್ಲಿ ದರ್ಗಾ ನೋಡಿಕೊಳ್ಳುತ್ತಿದ್ದ ಆಲಂ ಬಕ್ಷ್ ಅನ್ನೋರ ಮಗನನ್ನ ಕರಡಿ ಕೊಂದುಹಾಕಿತು. ಮೊದಲೇ ಪರಿಚಯ ಇದ್ದಿದ್ದಕ್ಕೆ ಅವರು ಆಂಡರ್ಸನ್‌ಗೆ ಸುದ್ದಿ ಕಳಿಸಿದ್ರು. ಕರಡಿ ಸಾಯೋ ಹೊತ್ತಿಗೆ ಸುಮಾರು 12 ಜನರ ಜೀವ ಹೋಗಿತ್ತು. ಗುಡೇಕೋಟೆ, ದರೋಜಿ ಕಡೆ ಕರಡಿ ಕಂಡವರಿಗೆ ಇದರ ಭಯ ಬಿಡಿಸಿ ಹೇಳೋದು ಬೇಡ.

1954ರಲ್ಲಿ ಮೊದಲ ಪುಸ್ತಕ ಬಂತು. ವಯಸ್ಸಾದಂತೆ ಕೋವಿಗಿಂತ ಕ್ಯಾಮೆರಾ ಮೇಲೆ ಮನಸ್ಸು ಹೋಯ್ತು. ನರಭಕ್ಷಕ ಆದ್ರೆ ಸರಿ, ಮೋಜಿಗೆ ಕೊಲ್ಲೋದು ಬೇಡ ಅನ್ನೋ ಕಡೆಗೆ ವಾಲಿದ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಶಿಕಾರಿ ಕಾಲ ಮುಗಿಯುತ್ತಾ ಬಂತು. 1974ರಲ್ಲಿ ಕ್ಯಾನ್ಸರ್‌ನಿಂದ ಆಂಡರ್ಸನ್ ಬೆಂಗಳೂರಿನಲ್ಲಿ ತೀರಿಕೊಂಡ. ಅದೇ ವರ್ಷ ನಮ್ಮ ರಾಜ್ಯದ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ, ಅವನಂಥ ನೌಕರಿಯವರು ಹೊಲ ಕೊಳ್ಳೋದಕ್ಕೂ ಕಡಿವಾಣ ಬಿತ್ತು.

ಆ ಕಡಿವಾಣ 2020ರಲ್ಲಿ ಹೋಗಿದೆ. ಈಗ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ನಮಗೆ ಪಕ್ಕದ ಜಗಳೂರು ತಾಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಂತಲೇ ವನ್ಯಧಾಮ ಇದೆ. ಆ ಕುರಿ, ಕೃಷ್ಣಮೃಗ ಎರಡೂ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಪಟ್ಟಾ ಹೊಲದೊಳಗೇ ಹೊಡೆದರೂ 3 ರಿಂದ 7 ವರ್ಷ ಜೈಲು. ಉರುಳು ಹಾಕಿದರೂ ಅಷ್ಟೇ, ಕೋವಿ ಹಿಡಿದರೂ ಅಷ್ಟೇ. ನಿಮ್ಮ ಹೊಲದಲ್ಲಿ ತಾನಾಗೇ ಸತ್ತು ಬಿದ್ದ ಜಿಂಕೆ ಕೂಡ ಸರ್ಕಾರದ ಸ್ವತ್ತು, ಅರಣ್ಯ ಇಲಾಖೆಗೋ ಪೊಲೀಸರಿಗೋ 48 ಗಂಟೆಯೊಳಗೆ ತಿಳಿಸಬೇಕು.