ಸೆಲ್ಬೋರ್ನಿನ ಪಕ್ಷಿಪ್ರೇಮಿ

ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತ್ಯದಲ್ಲಿ ಸೆಲ್ಬೋರ್ನ್ ಎಂಬ ಪುಟ್ಟ ಗ್ರಾಮವಿದೆ. ಮರಗಳು ದಟ್ಟವಾಗಿ ಬೆಳೆದ ಗುಡ್ಡ, ತೊರೆ, ಹುಲ್ಲುಗಾವಲುಗಳೇ ಅದರ ಸಂಪತ್ತು. ಈ ಗ್ರಾಮದಲ್ಲಿ 1720ರ ಜುಲೈ 18ರಂದು ಗಿಲ್ಬರ್ಟ್ ವೈಟನು ಜನಿಸಿದನು. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಅವನು ಪಾದ್ರಿಯಾದನು. ಬೇರೆಡೆ ಉನ್ನತ ಸ್ಥಾನ ಪಡೆಯುವ ಅವಕಾಶಗಳಿದ್ದರೂ ಹುಟ್ಟೂರನ್ನು ತೊರೆಯಲು ಅವನ ಮನಸ್ಸು ಒಪ್ಪಲಿಲ್ಲ.

ಆ ಕಾಲದ ಪಂಡಿತರು ಬಹುಮಟ್ಟಿಗೆ ಸತ್ತ ಪಕ್ಷಿಗಳ ಗರಿ, ಕೊಕ್ಕುಗಳನ್ನು ಪರೀಕ್ಷಿಸಿ ಗ್ರಂಥ ರಚಿಸುತ್ತಿದ್ದರು. ವೈಟನಾದರೋ ಜೀವಂತ ಪಕ್ಷಿಗಳ ನಡೆನುಡಿಯನ್ನು ಅರಿಯಬಯಸಿದನು. ನಮ್ಮ ಕೆರೆಯಂಚಿನಲ್ಲಿಯೂ ಕಾಣಸಿಗುವ, ಉದ್ದನೆಯ ಬಾಲವನ್ನು ಸದಾ ಕುಣಿಸುವ ಸಿಪಿಲೆ ಹಕ್ಕಿಗಳನ್ನು ಅವನು ತನ್ನೂರಿನ ತೇವದ ಹುಲ್ಲುಗಾವಲುಗಳಲ್ಲಿ ಗಮನಿಸಿದನು. ಅವು ಮೇಯುವ ಹಸುಗಳ ಮೂತಿಯ ಬಳಿ, ಹೊಟ್ಟೆಯ ಕೆಳಗೆ ನಿರ್ಭಯವಾಗಿ ಓಡಾಡುತ್ತಿದ್ದವು. ಹಸುಗಳ ಕಾಲುಗಳಿಗೆ ಮುತ್ತುವ ನೊಣಗಳೇ ಅವುಗಳ ಆಹಾರವೆಂದೂ, ಗೊರಸಿನ ತುಳಿತಕ್ಕೆ ಮೇಲೇಳುವ ಹುಳುಗಳೂ ಅವಕ್ಕೆ ದೊರೆಯುತ್ತಿರಬಹುದೆಂದೂ ಅವನು ಬರೆದಿಟ್ಟನು. ಉದ್ದ ಬಾಲದ ಟಿಟ್ ಎಂಬ ಅತಿ ಚಿಕ್ಕ ಹಕ್ಕಿಯು ಕಠೋರ ಚಳಿಯಲ್ಲಿಯೂ ಮನೆಗಳ ಆಸರೆ ಬಯಸದೆ ಕಾಡಿನಲ್ಲಿಯೇ ಬದುಕುವುದನ್ನು ಕಂಡು ಬೆರಗಾದನು. ನೋಟಕ್ಕೆ ಒಂದೇ ತೆರನಾಗಿದ್ದ ಮೂರು ಜಾತಿಯ ಉಲಿಯಕ್ಕಿಗಳನ್ನು ಅವುಗಳ ಹಾಡಿನಿಂದಲೇ ಬೇರ್ಪಡಿಸಿ ಗುರುತಿಸಿದನು.

ಆದರೆ ಒಂದು ಪ್ರಶ್ನೆ ಅವನನ್ನು ಬಹುಕಾಲ ಕಾಡಿತು. ಕವಲುಬಾಲದ ಸ್ವಾಲೊ ಹಕ್ಕಿಗಳು ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತವೆ? ಅನೇಕ ಪಕ್ಷಿಗಳು ದೂರದೇಶಗಳಿಗೆ ವಲಸೆ ಹೋಗುವುದನ್ನು ಅವನು ಒಪ್ಪಿದ್ದನು. ಆದರೂ ಕೆಲವು ಇಲ್ಲಿಯೇ ಎಲ್ಲಿಯೋ ಅಡಗಿ ನಿದ್ರಿಸುತ್ತವೆಯೇನೋ ಎಂಬ ಶಂಕೆ ಉಳಿದೇ ಇತ್ತು. ಗುಡ್ಡದ ಪೊದೆಗಳನ್ನು ಜನರಿಂದ ಶೋಧಿಸಿದನು. ಒಂದು ಹಕ್ಕಿಯೂ ಸಿಗಲಿಲ್ಲ. ಸಿಗದುದನ್ನು ಸಿಕ್ಕಿತೆಂದು ಅವನು ಬರೆಯಲಿಲ್ಲ. ಇಂಗ್ಲೆಂಡಿನಲ್ಲಿ ಕಾಲಿಗೆ ಉಂಗುರ ತೊಡಿಸಿ ಬಿಟ್ಟಿದ್ದ ಸ್ವಾಲೊ ಹಕ್ಕಿಯೊಂದು 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತ್ಯದಲ್ಲಿ ಸಿಕ್ಕಿದಾಗ, ಅವನ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ದೊರೆಯಿತು.

ವೈಟನು ಥಾಮಸ್ ಪೆನೆಂಟ್, ಡೇನ್ಸ್ ಬ್ಯಾರಿಂಗ್ಟನ್ ಎಂಬ ವಿದ್ವಾಂಸರಿಗೆ ಬರೆದ ಪತ್ರಗಳೇ ಸೆಲ್ಬೋರ್ನಿನ ಪ್ರಕೃತಿ ಚರಿತ್ರೆಯನ್ನು ಕುರಿತ ಗ್ರಂಥವಾಗಿ ರೂಪುಗೊಂಡವು. 1789ರ ಮುದ್ರೆ ಹೊತ್ತ ಈ ಕೃತಿಯನ್ನು ಅವನ ಸಹೋದರ ಬೆಂಜಮಿನ್ ಪ್ರಕಟಿಸಿದನು. ಬಾಲ್ಯದಲ್ಲಿ ಇದನ್ನು ಓದಿದ ಚಾರ್ಲ್ಸ್ ಡಾರ್ವಿನ್ನನಿಗೂ ಪಕ್ಷಿವೀಕ್ಷಣೆಯಲ್ಲಿ ಆಸಕ್ತಿ ಮೂಡಿತು.

1793ರ ಜೂನ್ 26ರಂದು ವೈಟನು ತನ್ನ ಪ್ರಿಯ ಗ್ರಾಮದಲ್ಲಿಯೇ ನಿಧನ ಹೊಂದಿದನು. ಅವನ ಬಳಿ ಪ್ರಯೋಗಶಾಲೆ ಇರಲಿಲ್ಲ. ದಿನವೂ ನೋಡುವ ತಾಳ್ಮೆ, ಕಂಡುದನ್ನಷ್ಟೇ ಬರೆಯುವ ಪ್ರಾಮಾಣಿಕತೆ ಇವೆರಡೇ ಅವನ ಸಾಧನಗಳಾಗಿದ್ದವು. ಹಸುಗಳ ಕಾಲಬಳಿ ಓಡಾಡುವ ಪುಟ್ಟ ಹಕ್ಕಿಯೂ ಜ್ಞಾನಕ್ಕೆ ಬಾಗಿಲಾಗಬಲ್ಲುದೆಂಬುದನ್ನು ಅವನ ಬಾಳು ತೋರಿಸಿಕೊಟ್ಟಿತು.