ಬಿಳಿ ಪುಡಿಯ ಗುಟ್ಟು ತಿಳಿಸಿದ ರಾಮನ್

ನಾವು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ವಿದ್ಯಾರ್ಥಿಗಳು. ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ, ರಾಮದುರ್ಗದ ಕಡೆ ಮಗ್ಗಗಳೂ ಇವೆ. ನೂಲಿಗೆ ಬಣ್ಣ ಹಾಕಿ ಉಳಿದ ನೀರನ್ನ ಬೆಳಕಿನ ಸಹಾಯದಿಂದ ತಿಳಿ ಮಾಡಬಲ್ಲ ಪುಡಿಯೊಂದಿದೆ: ಟೈಟಾನಿಯಂ ಡೈಆಕ್ಸೈಡ್ ಫೋಟೋಕ್ಯಾಟಲಿಸ್ಟ್. ಅದರ ಬಗ್ಗೆ ಓದ್ತಾ ಹೋದ್ರೆ ಮತ್ತೆ ಮತ್ತೆ ಸಿಗೋ ಹೆಸರು ಸರ್ ಸಿ. ವಿ. ರಾಮನ್.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. 1907ರಲ್ಲಿ, ಹೆಚ್ಚುಕಮ್ಮಿ ನಮ್ಮದೇ ವಯಸ್ಸಿನಲ್ಲಿ, ಕಲ್ಕತ್ತಾದಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಹಗಲು ಆಫೀಸು, ಬೆಳಿಗ್ಗೆ-ಸಂಜೆ ಪ್ರಯೋಗಶಾಲೆ. ಹತ್ತು ವರ್ಷ ಹೀಗೇ ನಡೀತು. 1917ರಲ್ಲಿ ಆ ದೊಡ್ಡ ಸಂಬಳ ಬಿಟ್ಟು ಕಡಿಮೆ ಸಂಬಳದ ಪ್ರೊಫೆಸರ್ ಹುದ್ದೆಗೆ ಸೇರಿದರು. 1921ರಲ್ಲಿ ಹಡಗಿನಿಂದ ನೋಡಿದ ಸಮುದ್ರದ ನೀಲಿ ಅವರ ತಲೆಯಲ್ಲಿ ಕೂತುಬಿಡ್ತು. 1928ರ ಫೆಬ್ರವರಿ 28ರಂದು, ಕೆ. ಎಸ್. ಕೃಷ್ಣನ್ ಜೊತೆಗಿನ ಕೆಲಸದಲ್ಲಿ, ಹೊಸದೊಂದು ಸಂಗತಿ ಸಿಕ್ತು: ಚದುರಿದ ಬೆಳಕಿನ ಒಂದು ಸಣ್ಣ ಪಾಲು ತನ್ನ ತರಂಗಾಂತರ ಬದಲಿಸುತ್ತದೆ, ಎಷ್ಟು ಅನ್ನೋದನ್ನ ವಸ್ತುವಿನೊಳಗಿನ ಕಂಪನ ತೀರ್ಮಾನಿಸುತ್ತದೆ. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. 1937ರಲ್ಲಿ ಆ ಕುರ್ಚಿ ಬಿಟ್ಟರೂ ಪ್ರೊಫೆಸರ್ ಆಗಿ ಅಲ್ಲೇ ಉಳಿದರು. 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು.

ಇದಕ್ಕೂ ನಮ್ಮ ಪುಡಿಗೂ ಏನು ಸಂಬಂಧ ಅಂತೀರಾ? ಪುಡಿಯನ್ನ ಫರ್ನೇಸಿನಲ್ಲಿ 400–500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ್ರೆ ಅಡ್ಡಾದಿಡ್ಡಿ ಇದ್ದ ಪರಮಾಣುಗಳು ಅನಟೇಸ್ ಅನ್ನೋ ಹರಳಾಗಿ ಜೋಡಣೆ ಆಗ್ತವೆ. ಬಣ್ಣ ಒಡೆಯೋ ಕೆಲಸದಲ್ಲಿ ಸಾಮಾನ್ಯವಾಗಿ ಇದೇ ಚುರುಕು. ಶಾಖ 600–700 ದಾಟಿದ್ರೆ ಅದು ರೂಟೈಲ್ ಆಗ್ತಾ ಹೋಗುತ್ತೆ. ಕಣಗಳು ಕೂಡಿ ದಪ್ಪ ಆಗ್ತವೆ, ಮೇಲ್ಮೈ ಕಮ್ಮಿ ಆಗುತ್ತೆ, ಕೆಲಸ ಕುಂದುತ್ತೆ. ಕಣ್ಣಿಗೆ ಮಾತ್ರ ಎರಡೂ ಬಿಳಿ ಪುಡಿನೇ! ರಾಮನ್ ಸ್ಪೆಕ್ಟ್ರಮ್ ತೆಗೆದ್ರೆ ಗುಟ್ಟು ಬಯಲು. ಜೋರಾದ ಗೆರೆ ಪ್ರತಿ ಸೆಂಟಿಮೀಟರಿಗೆ 144ರ ಹತ್ತಿರ ಕಂಡ್ರೆ ಅನಟೇಸ್, 447 ಮತ್ತು 612ರ ಹತ್ತಿರ ಕಂಡ್ರೆ ರೂಟೈಲ್.

ರಾಮನ್ 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ಆಯ್ತು, ಆ ಜಾಗದಲ್ಲಿ ಈಗ ಒಂದು ಮರ ಇದೆ. ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆದ ವರದಿ ಬಂದದ್ದು ಎರಡು ವರ್ಷದ ನಂತರ, 1972ರಲ್ಲಿ. ಅಂದ್ರೆ ನಮ್ಮ ಪುಡಿಯ ಈ ಕಥೆಯನ್ನ ಅವರು ನೋಡಲೇ ಇಲ್ಲ. ಸಮುದ್ರ ಯಾಕೆ ನೀಲಿ ಅಂತ ಕೇಳಿದ ಪ್ರಶ್ನೆ ಮಗ್ಗದ ಬಣ್ಣದ ನೀರಿನ ತನಕ ಬಂದು ಮುಟ್ಟಿದೆ. ಪ್ಯಾಕೇಜ್ ಲೆಕ್ಕ ಹಾಕೋ ನಮಗೆ, 1917ರ ಅವರ ಲೆಕ್ಕವೂ ಒಂದ್ಸಲ ನೆನಪಾಗಲಿ.